ಶೇರು ತವರಿಗೆ ಬರಲಿ, ಬಂಡಿಹಬ್ಬದ ಗದ್ದಲಕ್ಕೆ ಬೇಡ

ಪ್ರಶ್ನೆ: ಡಾಕ್ಟ್ರೇ, ನಾವು ಕಾರವಾರದ ಕೋಡಿಬಾಗದವರು. ಮಕ್ಕಳ ಶಾಲೆ ಶುರುವಾಗುವುದರೊಳಗೆ ಒಮ್ಮೆ ಊರಿಗೆ ಹೋಗಿಬರುವ ಯೋಚನೆ. ಮೊದಲು ಅಂಕೋಲೆಯಲ್ಲಿ ನಮ್ಮ ಮನೆಯವರ ಮೂಲಮನೆ, ಅಲ್ಲಿಯ ಜಾತ್ರೆ ಬಂಡಿಹಬ್ಬ ನೋಡಿ ಒಂದು ರಾತ್ರಿ ಉಳಿಯುವುದು. ಅಲ್ಲಿಂದ ಕುಮಟಾ ಮೇಲೆ ಘಟ್ಟ ಹತ್ತಿ, ಶಿರಸಿ-ಸಿದ್ದಾಪುರ ನಡುವಿನ ನನ್ನ ತವರಿನಲ್ಲಿ ಒಂದು ವಾರ. ತವರಿನಲ್ಲಿ ಅಡಿಕೆ ತೋಟ, ಕೊಟ್ಟಿಗೆ, ಹಿಂದೆ ಬೆಟ್ಟ ಇದೆ. ನಮ್ಮಲ್ಲಿ ಶೇರು ಎಂಬ ನಾಲ್ಕು ವರ್ಷದ ಲ್ಯಾಬ್ರಡಾರ್ ಇದ್ದಾನೆ, ತೂಕ 32 ಕೆ.ಜಿ. ಚಿನ್ನಿ ಎಂಬ ಬೆಕ್ಕೂ ಇದೆ. ಮಕ್ಕಳು ಶೇರುನನ್ನು ಬಿಟ್ಟು ಬರುವುದೇ ಇಲ್ಲ ಎಂದು ಹಟ ಹಿಡಿದಿದ್ದಾರೆ. ಅತ್ತೆಯವರು, ಕೂದಲು ಬೋಳಿಸಿ, ದಿನಾ ಒಂದು ಹಸಿ ಈರುಳ್ಳಿ ತಿನ್ನಿಸಿದರೆ ಸೆಖೆ ತಾಗುವುದಿಲ್ಲ ಅನ್ನುತ್ತಾರೆ. ನಮ್ಮ ಮನೆಯವರು, ಹಬ್ಬ ನೋಡುವಷ್ಟು ಹೊತ್ತು ಕಿಟಕಿ ಸ್ವಲ್ಪ ಇಳಿಸಿ ಕಾರಿನಲ್ಲೇ ಬಿಟ್ಟರಾಯಿತು ಅನ್ನುತ್ತಾರೆ. ನನ್ನ ಅಣ್ಣ ಫೋನಿನಲ್ಲಿ, 'ಮಂಗನ ಕಾಯಿಲೆ ಕಾಲ, ನಾಯಿ ಗೀಯಿ ತರಬೇಡ' ಅಂದ. ಹೋದ ವರ್ಷ ದೇವಿಮನೆ ಘಟ್ಟದಲ್ಲಿ ಶೇರು ಎರಡು ಸಲ ವಾಂತಿ ಮಾಡಿದ್ದ. ಯಾರ ಮಾತು ಕೇಳಬೇಕು? ಇಷ್ಟು ಸಾಲದು ಎಂದು ಚಿಕ್ಕ ಮಗಳು ಹಬ್ಬದ ಪೇಟೆಯಲ್ಲಿ ಬಣ್ಣದ ಕೋಳಿಮರಿ ಬೇಕೆಂದು ಈಗಲೇ ಕೇಳಿಟ್ಟಿದ್ದಾಳೆ.

ಉತ್ತರ: ನಿಮ್ಮ ಮನೆಯಲ್ಲಿ ಎಲ್ಲರೂ ಒಂದೊಂದು ಮಾತು ಹೇಳಿದ್ದಾರೆ. ಅದರಲ್ಲಿ ಸರಿಗೆ ಹೆಚ್ಚು ಹತ್ತಿರ ಇರುವುದು ನಿಮ್ಮ ಅಣ್ಣನ ಮಾತು, ಅದೂ ಅವರು ಹೇಳಿದ ಅರ್ಥದಲ್ಲಿ ಅಲ್ಲ. ಅತಿ ಅಪಾಯದ್ದು ಯಜಮಾನರ ಮಾತು. ಅತ್ತೆಯವರ ಸಲಹೆಯಲ್ಲಿ ಪ್ರೀತಿ ಇದೆ, ಆದರೆ ಎರಡನ್ನೂ ಪಾಲಿಸಬೇಡಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಶೇರು ತವರಿಗೆ ಬರಬಹುದು. ಬಂಡಿಹಬ್ಬದ ಗದ್ದಲಕ್ಕೆ ಬರಬಾರದು. ಚಿನ್ನಿ ಕಾರವಾರದ ಮನೆಯಲ್ಲೇ ಇರಲಿ. ನೀವು ಹೆದರಿರುವುದು ಘಟ್ಟದ ತಿರುವಿಗೆ. ಘಟ್ಟದ ಕೆಳಗಿನ ಸೆಖೆ ಮತ್ತು ಘಟ್ಟದ ಮೇಲಿನ ಉಣುಗು (ರಕ್ತ ಹೀರುವ ಉಣ್ಣೆಹುಳ), ಇವೆರಡರ ಮುಂದೆ ಆ ತಿರುವು ಏನೂ ಅಲ್ಲ.

ಸೆಖೆಯಿಂದ ಶುರು ಮಾಡೋಣ, ಮೇ ತಿಂಗಳಲ್ಲಿ ನಮ್ಮ ಕರಾವಳಿಯಲ್ಲಿ ನಾಯಿಗಳು ಸಾಯುವುದು ಹೆಚ್ಚಾಗಿ ಅದರಿಂದಲೇ. ಹುಬ್ಬಳ್ಳಿಯವರು ಬಂದಾಗ 'ನಿಮ್ಮಲ್ಲಿ ಬರೀ 33, 34 ಡಿಗ್ರಿ, ನಮ್ಮಲ್ಲಿ 38' ಅನ್ನುತ್ತಾರಲ್ಲ, ಆ ಲೆಕ್ಕ ನಾಯಿಗೆ ನಡೆಯುವುದಿಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವ ಸೌಕರ್ಯವಿಲ್ಲ. ಪಾದದ ಮೆತ್ತೆಯಲ್ಲಿ ಒಂದಿಷ್ಟು ಬೆವರು ಬರುತ್ತದೆ, ಅದರಿಂದ ಮೈ ತಂಪಾಗುವಷ್ಟು ಪ್ರಯೋಜನವಿಲ್ಲ. ಅದು ಮೈ ತಂಪು ಮಾಡಿಕೊಳ್ಳುವುದು ತೇಕಿ. ನಾಲಿಗೆ, ಬಾಯಿ, ಮೂಗಿನ ಒಳಭಾಗದ ತೇವ ಆವಿಯಾಗಿ ಹೋಗಬೇಕು, ಆಗ ರಕ್ತ ತಂಪಾಗುತ್ತದೆ. ಗಾಳಿಯಲ್ಲೇ ನೀರಿನಂಶ ತುಂಬಿದ್ದರೆ ಆವಿ ಹೋಗುವುದೆಲ್ಲಿಗೆ? ಮಳೆಗಾಲ ಹತ್ತಿರವಾದಾಗ ಕೋಡಿಬಾಗದ ನಿಮ್ಮ ಮನೆಯ ಹಿತ್ತಲಲ್ಲಿ ಬಟ್ಟೆ ಸಂಜೆಯಾದರೂ ಒಣಗದೆ ನೇತಾಡುತ್ತದಲ್ಲ, ನಾಯಿಯ ನಾಲಿಗೆಯ ಕತೆಯೂ ಅದೇ. ಹಾಗಾಗಿ ಒಣ ಹವೆಯ 38ಕ್ಕಿಂತ ನಮ್ಮ ಜಿಗುಟು ಹವೆಯ 33 ಅದಕ್ಕೆ ಹೆಚ್ಚು ಕಷ್ಟ. ಅದರಲ್ಲೂ ಲ್ಯಾಬ್ರಡಾರ್ ತಣ್ಣನೆ ದೇಶದ, ಎರಡು ಪದರ ಕೂದಲಿನ ತಳಿ. ನಮ್ಮೂರಲ್ಲಿ ಅನ್ನ ಹಾಕಿ ಹಾಕಿ ಅದನ್ನು ದಪ್ಪವೂ ಮಾಡಿರುತ್ತೇವೆ. 32 ಕೆ.ಜಿ. ಎಂದು ಬರೆದಿದ್ದೀರಿ, ಅಷ್ಟು ಪರವಾಗಿಲ್ಲ. ಪಗ್, ಶಿಟ್ಜು ಥರದ ಚಪ್ಪಟೆ ಮೂಗಿನವಾಗಿದ್ದರೆ ಈ ತಿಂಗಳಲ್ಲಿ ಪ್ರಯಾಣವೇ ಬೇಡ ಎನ್ನುತ್ತಿದ್ದೆ.

ಈಗ ಕಾರಿನ ವಿಷಯ. ಹೊರಗೆ 32 ಡಿಗ್ರಿ ಇರುವಾಗ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಹತ್ತು ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಏರುತ್ತದೆ, ಅರ್ಧ ತಾಸಿನಲ್ಲಿ 50ರ ಆಸುಪಾಸಿಗೆ ಬರುತ್ತದೆ. ಕಿಟಕಿಯನ್ನು ನಾಲ್ಕು ಬೆರಳು ಇಳಿಸಿದರೆ ಈ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗುವುದಿಲ್ಲ. ನೆರಳಲ್ಲಿ ನಿಲ್ಲಿಸಿದ್ದೇವೆ ಅನ್ನುತ್ತೀರಿ, ನೆರಳು ಸರಿಯುತ್ತದೆ. ಎ.ಸಿ. ಹಾಕಿಟ್ಟು ಬರುತ್ತೇವೆ ಅನ್ನುತ್ತೀರಿ, ಎಂಜಿನ್ ನಿಂತರೆ ಎ.ಸಿ. ತಂಪೂ ಹೋಯಿತು, ಮುಚ್ಚಿದ ಗಾಜಿನೊಳಗೆ ನಾಯಿ ಉಳಿಯಿತು. ಬಂಡಿಹಬ್ಬದ ಜನಜಂಗುಳಿಯಲ್ಲಿ 'ಇನ್ನೇನು ಹೊರಟೆವು' ಅಂದವರು ಕಾರಿನ ಹತ್ತಿರ ಬರುವುದಕ್ಕೆ ಒಂದು ತಾಸು ಬೇಕು, ನಡುವೆ ಐಸ್‌ಕ್ರೀಮ್ ಅಂಗಡಿ ಸಿಕ್ಕರೆ ಇನ್ನೂ ಹೆಚ್ಚು. ಯಜಮಾನರಿಗೆ ಒಂದೇ ಮಾತು ಹೇಳಿ: ಹತ್ತು ನಿಮಿಷಕ್ಕೂ ಬೇಡ.

ತೇಕುವುದೆಲ್ಲ ಅಪಾಯವಲ್ಲ, ಅದು ನಾಯಿಯ ದಿನದ ಕೆಲಸ. ಅಪಾಯದ ತೇಕು ಬೇರೆಯೇ ಇರುತ್ತದೆ. ಕತ್ತು ಚಾಚಿ, ನಾಲಿಗೆ ಅಗಲವಾಗಿ ಹೊರಬಿದ್ದು, ನೆರಳಿಗೆ ತಂದು ಐದು ನಿಮಿಷವಾದರೂ ಕಡಿಮೆಯಾಗುವುದಿಲ್ಲ. ಜೊಲ್ಲು ದಪ್ಪಗಾಗಿ ನೂಲಿನಂತೆ ಇಳಿಯುತ್ತದೆ, ವಸಡು ಕಡು ಕೆಂಪಾಗುತ್ತದೆ, ಹೆಜ್ಜೆ ತಪ್ಪುತ್ತದೆ, ಆಮೇಲೆ ವಾಂತಿ, ಭೇದಿ. ನಾಯಿಯ ಸಹಜ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಜ್ವರ ಅನ್ನಿಸುವುದು ಅದಕ್ಕೆ ಸಹಜ, ಹಾಗಾಗಿ ಮೈ ಮುಟ್ಟಿ ನೋಡಿ ತೀರ್ಮಾನಿಸಬೇಡಿ. 106ರ ಹತ್ತಿರ ಹೋಯಿತೆಂದರೆ ಒಳಗಿನ ಅಂಗಗಳು ಕೆಡಲು ಶುರುವಾಗುತ್ತವೆ. ಒಂದು ಡಿಜಿಟಲ್ ಥರ್ಮಾಮೀಟರನ್ನು ಶೇರುಗೆಂದೇ ತೆಗೆದಿಟ್ಟುಕೊಳ್ಳಿ, ಗುರುತು ಹಾಕಿ. ಗುದದ್ವಾರದಲ್ಲಿ ಇಟ್ಟು ನೋಡುವ ಸಾಧನ ಅದು, ಮಕ್ಕಳ ಥರ್ಮಾಮೀಟರಿನ ಜೊತೆ ಬೆರೆತರೆ ಮನೆಯಲ್ಲಿ ಬೇರೆ ಜಗಳ ಆಗುತ್ತದೆ.

ಹೀಗಾದರೆ ಮೊದಲ ಕೆಲಸ ನಾಯಿಯನ್ನು ತಂಪು ಮಾಡುವುದು, ಎರಡನೆಯದು ಆಸ್ಪತ್ರೆ. ಜನ ಇದನ್ನು ತಿರುವುಮುರುವು ಮಾಡುತ್ತಾರೆ. ಗಾಬರಿಯಲ್ಲಿ ನಾಯಿಯನ್ನು ಬಿಸಿ ಕಾರಿಗೆ ಹಾಕಿಕೊಂಡು ಓಡುತ್ತಾರೆ, ನಮ್ಮ ಹತ್ತಿರ ಬರುವಷ್ಟರಲ್ಲಿ ಮೈಬಿಸಿ ಇನ್ನೆರಡು ಡಿಗ್ರಿ ಏರಿರುತ್ತದೆ. ಎಲ್ಲಿದ್ದೀರೋ ಅಲ್ಲೇ ನೆರಳಿಗೆ ಎಳೆದು, ಬಾವಿ ನೀರೋ ನಲ್ಲಿ ನೀರೋ ಕೊಡಗಟ್ಟಲೆ ಮೈಮೇಲೆ ಸುರಿಯಿರಿ. ಹೊಟ್ಟೆ, ತೊಡೆಸಂದು, ಕಂಕುಳು ಚೆನ್ನಾಗಿ ನೆನೆಯಲಿ. ಸುರಿದ ಮೇಲೆ ಗಾಳಿ ಬೇಕು, ಫ್ಯಾನೋ, ರಟ್ಟೋ, ಬಾಳೆಲೆಯೋ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದು ಸ್ವಲ್ಪ ಹೊತ್ತಿನಲ್ಲೇ ಬಿಸಿಯಾಗಿ ಮೈಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಮಂಜುಗಡ್ಡೆಗಾಗಿ ಓಡಾಡುತ್ತ ಹೊತ್ತು ಕಳೆಯಬೇಡಿ, ಕೈಗೆ ಸಿಕ್ಕ ನೀರು ಸಾಕು. ಎಚ್ಚರ ಇದ್ದರೆ ಗುಟುಕು ಗುಟುಕಾಗಿ ನೀರು ಕೊಡಿ, ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. ಮೈಬಿಸಿ 103ಕ್ಕೆ ಇಳಿದ ಮೇಲೆ ನೀರು ಸುರಿಯುವುದನ್ನು ನಿಲ್ಲಿಸಿ, ಒದ್ದೆ ಮೈಯಲ್ಲೇ ಎ.ಸಿ. ಹಾಕಿಕೊಂಡು ವೈದ್ಯರ ಬಳಿ ಹೊರಡಿ. ನಾಯಿ ಎದ್ದು ಬಾಲ ಅಲ್ಲಾಡಿಸಿತು ಎಂದು ತಿರುಗಿ ಮನೆಗೆ ಹೋಗಬೇಡಿ. ಮೂತ್ರಪಿಂಡ, ಯಕೃತ್ತಿನ ತೊಂದರೆ ಒಂದೆರಡು ದಿನ ತಡೆದು ಕಾಣಿಸಿಕೊಳ್ಳಬಹುದು.

ಅತ್ತೆಯವರ ಮಾತಿಗೆ ಬರುತ್ತೇನೆ. ಲ್ಯಾಬ್ರಡಾರ್ ಕೂದಲನ್ನು ಬೋಳಿಸಬಾರದು. ಹೊರಪದರ ಬಿಸಿಲನ್ನು ಚರ್ಮಕ್ಕೆ ನೇರ ತಾಗದಂತೆ ತಡೆಯುತ್ತದೆ, ಬೋಳಿಸಿದರೆ ಚರ್ಮ ಸುಡುತ್ತದೆ, ಕೂದಲು ಮತ್ತೆ ಬರುವಾಗ ತೇಪೆ ತೇಪೆಯಾಗಿ ಬರುವುದೂ ಉಂಟು. ದಿನಾ ಬಾಚಿ ಉದುರುಗೂದಲು ತೆಗೆದರೆ ಅಷ್ಟೇ ಸಾಕು, ಗಾಳಿ ಆಡುತ್ತದೆ.

ಇನ್ನು ಈರುಳ್ಳಿ. ಮನುಷ್ಯರ ಸೆಖೆಗೆ ಅದೆಷ್ಟು ಒಳ್ಳೆಯದೋ ಆ ಚರ್ಚೆ ನನ್ನದಲ್ಲ, ನಾಯಿಗೆ ಅದು ವಿಷ. ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದೇಹತೂಕದ ನೂರಕ್ಕೆ ಅರ್ಧದಷ್ಟು, ಅಂದರೆ ಶೇರು ಲೆಕ್ಕದಲ್ಲಿ 160 ಗ್ರಾಂ ಹೊಟ್ಟೆಗೆ ಹೋದರೆ ರಕ್ತದಲ್ಲಿ ಕೆಡುಕು ಕಾಣತೊಡಗುತ್ತದೆ. ದಿನಾ ಸ್ವಲ್ಪ ಸ್ವಲ್ಪ ತಿನ್ನಿಸಿದರೂ ಹಾನಿ ಕೂಡುತ್ತಾ ಹೋಗುತ್ತದೆ. ಬೇಯಿಸಿದರೆ, ಹುರಿದರೆ ಹೋಗುವ ವಿಷವೂ ಅಲ್ಲ. ತಿಂದ ದಿನವೇ ಏನೂ ಗೊತ್ತಾಗುವುದಿಲ್ಲ, ಎರಡು ಮೂರು ದಿನ ಕಳೆದು ನಾಯಿ ಸುಸ್ತಾಗಿ ಮಲಗುತ್ತದೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಬೆಕ್ಕಿಗಂತೂ ಇದಕ್ಕಿಂತ ಕಡಿಮೆ ಸಾಕು. ಇದನ್ನು ಇಷ್ಟು ಎಳೆದು ಹೇಳುವುದಕ್ಕೆ ಕಾರಣವಿದೆ. ನೀವು ಹೋಗುವ ದಾರಿಯಲ್ಲೇ ಕುಮಟಾದ ಅಳ್ವೆಕೋಡಿ, ಹಂದಿಗೋಣದ ಹೆದ್ದಾರಿ ಪಕ್ಕ ಸಿಹಿ ಈರುಳ್ಳಿಯ ಗೊಂಚಲು ತೂಗುಹಾಕಿರುತ್ತಾರೆ. ಆ ಕಾಲದಲ್ಲಿ ಅಲ್ಲಿ ಕಾರು ನಿಲ್ಲಿಸದೆ ಮುಂದೆ ಹೋದ ಕುಟುಂಬ ಕಡಿಮೆ. ಕೊಂಡದ್ದನ್ನು ಹಿಂದಿನ ಸೀಟಿನಲ್ಲಿ ಶೇರು ಪಕ್ಕ ಇಡಬೇಡಿ. ಸಿಹಿ ಈರುಳ್ಳಿ ಘಾಟಿಲ್ಲದ್ದು, ಲ್ಯಾಬ್ರಡಾರ್ ಅದನ್ನು ಕಚ್ಚಿ ಉಗುಳುವುದೂ ಇಲ್ಲ. ಮಳೆಗಾಲಕ್ಕೆಂದು ಒಣಮೀನು ಕಟ್ಟಿಸಿಕೊಂಡಿದ್ದರೆ ಅದನ್ನೂ ದೂರ ಇಡಿ, ಅದರ ಉಪ್ಪು ನಾಯಿಗೆ ಅತಿಯಾಗುತ್ತದೆ.

ಕುಡಿಯಲು ಬರೀ ನೀರು. ಮುರುಗಲು ಪಾನಕ, ಓಆರ್‌ಎಸ್, ಎಳನೀರು ಎಂದು ಪ್ರಯೋಗ ಬೇಡ. ಉಪ್ಪು, ಒಗ್ಗರಣೆ ಇಲ್ಲದ ತೆಳು ಮಜ್ಜಿಗೆ ಸ್ವಲ್ಪ ಕೊಟ್ಟರೆ ಅಡ್ಡಿಯಿಲ್ಲ. ಐಸ್ ತುಂಡು ನೆಕ್ಕಿದರೆ ನಾಯಿ ಸಾಯುತ್ತದೆ ಎಂಬ ಮಾತೂ ವಾಟ್ಸಾಪಿನಲ್ಲಿ ಓಡಾಡುತ್ತಿದೆ, ಅದು ಸುಳ್ಳು.

ಬಂಡಿಹಬ್ಬಕ್ಕೆ ಯಾಕೆ ಬೇಡ ಎಂಬುದಕ್ಕೆ ಸೆಖೆಯೊಂದೇ ಕಾರಣವಲ್ಲ. ವಾದ್ಯ, ಗರ್ನಾಲು, ಮೈಕು, ಕಾಲ ಕೆಳಗೆ ಕಾದ ಡಾಂಬರು, ಸಾವಿರ ಅಪರಿಚಿತ ಕಾಲುಗಳು. ಶೇರು ಮನೆಯಲ್ಲಿ ಎಷ್ಟೇ ಸಾಧುವಾದರೂ ಅಲ್ಲಿ ಅವನ ಸ್ವಭಾವದ ಮೇಲೆ ಭರವಸೆ ಇಡಬೇಡಿ. ಹೆದರಿದ ನಾಯಿಗೆ ಗೊತ್ತಿರುವುದು ಎರಡೇ ದಾರಿ, ಓಟ ಅಥವಾ ಕಡಿತ. 'ಬಾಯಿ ಕಟ್ಟಿ ಕರೆದುಕೊಂಡು ಹೋಗುತ್ತೇವೆ' ಎಂದರೆ ಅದಕ್ಕಿಂತ ಕೆಟ್ಟ ಉಪಾಯ ಇಲ್ಲ. ಬಟ್ಟೆಯಿಂದ ಬಾಯಿ ಬಿಗಿದರೆ ನಾಯಿ ತೇಕಲಾರದು. ತೇಕದಿದ್ದರೆ ಏನಾಗುತ್ತದೆಂದು ಮೇಲೆ ಹೇಳಿದ್ದೇನೆ.

ಆ ಸಂಜೆಗೆ ನಿಮಗಿರುವುದು ಎರಡು ದಾರಿ. ಅಂಕೋಲೆಯ ಮನೆಯಲ್ಲೇ ಹಿಂದಿನ ಒಂದು ಕೋಣೆಯಲ್ಲಿ, ಫ್ಯಾನ್ ಹಾಕಿ, ಅವನ ಹಳೆಯ ಚಾದರ ಹಾಸಿ, ನೀರಿಟ್ಟು ಬಿಡಬಹುದು. ಹಬ್ಬದ ಮನೆಯಲ್ಲಿ ಬಾಗಿಲು ತೆಗೆದು ಹಾಕುವವರು ಹತ್ತು ಮಂದಿ ಇರುತ್ತಾರೆ, ಬೀಗ ಹಾಕಿ ಕೀಲಿಯನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಇಲ್ಲವಾದರೆ ಮನೆಯವರಲ್ಲಿ ಒಬ್ಬರು ಸರದಿಯಂತೆ ಅವನ ಜೊತೆ ಉಳಿಯಬೇಕು. ನನ್ನ ಕೇಳಿದರೆ ಎರಡನೆಯದೇ ಮೇಲು. ಹೊಸ ಜಾಗ, ಹೊರಗೆ ಸದ್ದು, ಒಳಗೆ ಒಂಟಿ ಎಂದರೆ ಕೆಲವು ನಾಯಿಗಳು ಬಾಗಿಲು ಕೆರೆದು ಉಗುರು ಕಿತ್ತುಕೊಳ್ಳುತ್ತವೆ. ಎರಡರಲ್ಲಿ ಯಾವ ದಾರಿ ಹಿಡಿದರೂ ಕೊರಳಪಟ್ಟಿಯಲ್ಲಿ ನಿಮ್ಮ ಫೋನ್ ನಂಬರ್ ಕೆತ್ತಿದ ಬಿಲ್ಲೆ ಇರಲಿ.

ಮನೆ ತುಂಬ ನೆಂಟರ ಮಕ್ಕಳಿರುವಾಗ ಹಲ್ಲು ತಾಗಿತು ಎಂದಾದರೆ, 'ನಮ್ಮ ನಾಯಿಗೆ ಇಂಜೆಕ್ಷನ್ ಆಗಿದೆ' ಎಂದು ಅರಿಶಿನ ಹಚ್ಚಿ ಸುಮ್ಮನಾಗಬೇಡಿ. ಹರಿಯುವ ನೀರಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಸರಕಾರಿ ಆಸ್ಪತ್ರೆಗೆ ಹೋಗಿ, ಮಗುವಿಗೆ ಲಸಿಕೆ ಬೇಕೇ ಬೇಡವೇ ಎಂದು ಅಲ್ಲಿನ ವೈದ್ಯರು ಹೇಳಲಿ. ಶೇರುವಿನ ರೇಬೀಸ್ ಲಸಿಕೆಗೆ ವರ್ಷ ದಾಟಿದ್ದರೆ ಹೊರಡುವ ಮೊದಲು ಹಾಕಿಸಿ, ಚೀಟಿಯ ಫೋಟೋ ಫೋನಿನಲ್ಲಿರಲಿ.

ಘಟ್ಟದ ವಾಂತಿಯ ವಿಷಯ ಸುಲಭ. ಹೊಟ್ಟೆ ತುಂಬ ಉಣ್ಣಿಸಿ ಕಾರು ಹತ್ತಿಸುವುದೇ ಅರ್ಧ ಕಾರಣ. ಹೊರಡುವ ನಾಲ್ಕೈದು ತಾಸು ಮೊದಲಿನಿಂದ ಊಟ ಬೇಡ, ನೀರು ಕೊಡಿ. ಅಂಕೋಲೆಯಿಂದ ಬೆಳಗಿನ ಐದಕ್ಕೆ ಹೊರಟರೆ ಬಿಸಿಲೇರುವ ಮೊದಲೇ ಶಿರಸಿ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಅಲ್ಲಿಗೆ ಮುಟ್ಟಿದರೆ ಸೆಖೆಯ ಚಿಂತೆ ಅರ್ಧ ಇಳಿಯಿತು. ದೇವಿಮನೆ ದಾರಿಯಲ್ಲಿ ರಸ್ತೆ ಕೆಲಸಕ್ಕೆ ಆಗಾಗ ಸಂಚಾರ ತಡೆಯುತ್ತಾರೆ, ಹಿಂದಿನ ದಿನ ಕೇಳಿಕೊಂಡೇ ಹೊರಡಿ. ನಡುಘಟ್ಟದಲ್ಲಿ ವಾಹನಸಾಲಿನಲ್ಲಿ ಒಂದು ತಾಸು ಸಿಕ್ಕಿಕೊಂಡ ನಾಯಿಗೆ ತಿರುವಿಗಿಂತ ಹೊಗೆಯೇ ಹೆಚ್ಚು ವಾಂತಿ ತರಿಸುತ್ತದೆ. ಕಿಟಕಿಯಿಂದ ತಲೆ ಹೊರಹಾಕಿಸಬೇಡಿ. ಫೋಟೋಕ್ಕೆ ಚೆಂದ, ಕಣ್ಣಿಗೆ ಧೂಳು, ಮೇಲಾಗಿ ಎದುರಿನಿಂದ ಬರುವ ಬಸ್ಸಿಗೂ ನಿಮ್ಮ ಕಾರಿಗೂ ನಡುವೆ ಆ ತಿರುವುಗಳಲ್ಲಿ ಎಷ್ಟು ಜಾಗ ಉಳಿಯುತ್ತದೆ ಎಂದು ನಿಮಗೇ ಗೊತ್ತು. ಹಿಂದಿನ ಸೀಟಿನಲ್ಲಿ ಎದೆಪಟ್ಟಿ ಹಾಕಿ ಸೀಟ್‌ಬೆಲ್ಟಿಗೆ ಕಟ್ಟಿ. ಕೊರಳಪಟ್ಟಿಗೆ ಕಟ್ಟಬೇಡಿ, ಬ್ರೇಕ್ ಹಾಕಿದಾಗ ಕುತ್ತಿಗೆಗೆ ಬರುತ್ತದೆ.

ಹೀಗೆ ಮಾಡಿದರೂ ವಾಂತಿ ಆಗುವ ನಾಯಿಗೆ ಮಾರೋಪಿಟೆಂಟ್ ಎಂಬ ಮಾತ್ರೆ ಇದೆ, ಪ್ರಯಾಣಕ್ಕೆ ಎರಡು ತಾಸು ಮೊದಲು ಕೊಡುವಂಥದ್ದು. ನಿಮ್ಮ ವೈದ್ಯರು ತೂಕ ನೋಡಿ ಬರೆದುಕೊಡುತ್ತಾರೆ. ನಿಮ್ಮ ಪರ್ಸಿನಲ್ಲಿರುವ, ನೀವು ನುಂಗುವ ವಾಂತಿ ಮಾತ್ರೆಯನ್ನು ಅಂದಾಜಿನಲ್ಲಿ ಅರ್ಧ ಮಾಡಿ ಕೊಡಬೇಡಿ. 'ಮಲಗಿಕೊಂಡು ಬರಲಿ' ಎಂದು ಮಂಪರು ಮಾತ್ರೆ ಕೇಳುವವರೂ ಇದ್ದಾರೆ. ಬೇಸಿಗೆಯಲ್ಲಿ ನಾನು ಅದಕ್ಕೆ ಒಪ್ಪುವುದಿಲ್ಲ. ಮಂಪರಿನಲ್ಲಿ ಮೈಬಿಸಿ ಕಾಯ್ದುಕೊಳ್ಳುವ ಶಕ್ತಿ ಕುಗ್ಗುತ್ತದೆ, ಹೆದರಿಕೆ ಒಳಗೇ ಉಳಿಯುತ್ತದೆ, ನಾಯಿಗೆ ಅದನ್ನು ತೋರಿಸಿಕೊಳ್ಳಲು ಆಗುವುದಿಲ್ಲ, ಅಷ್ಟೇ.

ಈಗ ನಿಮ್ಮ ಅಣ್ಣನ ಮಾತು. ಮಂಗನ ಕಾಯಿಲೆ ಮೊದಲು ಗುರುತಿಸಿದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಿದ್ದಾಪುರದ ಕಡೆಯವರಿಗೆ ಅದು ಪತ್ರಿಕೆಯ ಸುದ್ದಿಯಲ್ಲ, ಪಕ್ಕದ ಮನೆಯ ಸುದ್ದಿ. ಹಾಗಾಗಿ ಅವರು ಹೆದರಿದ್ದು ತಪ್ಪಲ್ಲ. ಆದರೆ ನಾಯಿ ಆ ಕಾಯಿಲೆಯ ಮೂಲವಲ್ಲ. ವೈರಸ್ ಹರಡುವುದು ಕಾಡಿನ ಉಣುಗಿನಿಂದ. ಮುಸಿಯ, ಮಂಗ ಅದಕ್ಕೆ ತುತ್ತಾಗಿ ಸಾಯುತ್ತವೆ, ಸತ್ತ ಮಂಗನ ಮೈಯಿಂದ ಇಳಿದ ಉಣುಗು ಸುತ್ತಲಿನ ದರಕಿನಲ್ಲಿ, ಅಂದರೆ ಉದುರಿದ ಒಣ ಎಲೆಯಲ್ಲಿ, ಸೇರಿಕೊಳ್ಳುತ್ತದೆ. ಮನುಷ್ಯರಿಗೆ ಅಂಟಿಸುವುದು ಹೆಚ್ಚಾಗಿ ಅದರ ಮರಿಹಂತ, ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು. ಮಳೆಗಾಲ ಮುಗಿದು ನೆಲ ಒಣಗಿದ ಮೇಲೆ ಈ ಮರಿಗಳು ಹೆಚ್ಚುತ್ತವೆ, ಜೂನಿನ ಮಳೆ ಕೂತ ಮೇಲೆ ಕಡಿಮೆಯಾಗುತ್ತವೆ. ನೀವು ಹೋಗುವ ಹೊತ್ತು ಆ ಕಾಲದ ಬಾಲದಲ್ಲಿದೆ, ಮುಗಿದಿಲ್ಲ.

ಹಾಗಾದರೆ ನಾಯಿಯ ಪಾತ್ರ ಏನು? ಅದು ಹೊರೆಗಾರ. ಬೆಟ್ಟದಲ್ಲಿ ಸುತ್ತಿ ಬಂದು, ಮೈಮೇಲೆ ಉಣುಗು ಹೊತ್ತು, ಜಗಲಿಯಲ್ಲಿ ಮಕ್ಕಳ ಪಕ್ಕ ಮಲಗುತ್ತದೆ. ಇದೇ ಕೆಲಸವನ್ನು ಮೇಯಲು ಹೋದ ದನವೂ ಮಾಡುತ್ತದೆ, ಸೌದೆ ತರುವವರ ಬಟ್ಟೆಯೂ ಮಾಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಮಳೆ ಬರುವುದರೊಳಗೆ ಕೊಟ್ಟಿಗೆಗೆಂದು ಬೆಟ್ಟದಿಂದ ಹೊತ್ತು ತಂದು ಅಟ್ಟಿ ಹಾಕುವ ದರಕು ಮಾಡುತ್ತದೆ. ನಿಮ್ಮ ಅಣ್ಣ ನಾಯಿ ಬೇಡ ಎಂದರು, ಸರಿ. ಅಂಗಳದ ದರಕಿನ ರಾಶಿಯ ಮೇಲೆ ಮಕ್ಕಳು ಕುಣಿಯುತ್ತಾರಲ್ಲ, ಅದನ್ನೂ ಬೇಡ ಎನ್ನಬೇಕು.

ಶೇರುನನ್ನು ಅಂಗಳ, ತೋಟದ ಮೇಲ್ಭಾಗ ಬಿಟ್ಟು ಬೆಟ್ಟಕ್ಕೆ ಬಿಡಬೇಡಿ, ಹಗ್ಗದಲ್ಲೇ ತಿರುಗಾಡಿಸಿ. ಆಸುಪಾಸಿನಲ್ಲಿ ಮಂಗ ಸತ್ತ ಸುದ್ದಿ ಇದ್ದರೆ ನನ್ನ ಮೇಲಿನ ಅಭಿಪ್ರಾಯ ಬದಲಾಗುತ್ತದೆ, ಆಗ ಅವನು ಕಾರವಾರದಲ್ಲೇ ಉಳಿಯಲಿ. ಹೊರಡುವ ಮುಂಚೆ ಅಣ್ಣನಿಗೆ ಫೋನ್ ಮಾಡಿ ಇದನ್ನು ನೇರವಾಗಿ ಕೇಳಿ.

ಔಷಧದ ವಿಷಯದಲ್ಲಿ ಜನ ಒಂದು ಕಡೆ ಎಡವುತ್ತಾರೆ. ಈಗ ಬರುವ ಉಣುಗಿನ ಮಾತ್ರೆಗಳು, ಅಂದರೆ ಫ್ಲೂರಲಾನರ್, ಅಫಾಕ್ಸೊಲಾನರ್ ಗುಂಪಿನವು, ತುಂಬ ಒಳ್ಳೆಯವು. ಆದರೆ ಅವು ಉಣುಗನ್ನು ಓಡಿಸುವುದಿಲ್ಲ. ಉಣುಗು ಹತ್ತಿ, ಕಚ್ಚಿ, ರಕ್ತ ಹೀರಿದ ಮೇಲೆ ಸಾಯುತ್ತದೆ. ನಾಯಿಗೆ ಇದರಿಂದ ರಕ್ಷಣೆ ಸಿಗುತ್ತದೆ, ಪಕ್ಕದಲ್ಲಿ ಮಲಗುವ ಮಗುವಿಗೆ ಸಿಗುವುದಿಲ್ಲ, ಇನ್ನೂ ಕಚ್ಚದ ಉಣುಗು ಇಳಿದು ಹೋಗಬಹುದು. ಹಾಗಾಗಿ ಮಾತ್ರೆ ಕೊಟ್ಟರೂ ದಿನಕ್ಕೆರಡು ಸಲ ಅಂಗಳದಲ್ಲೇ ಮೈ ನೋಡುವ ಕೆಲಸ ತಪ್ಪದು. ಕಿವಿಯ ಒಳಗೆ, ಬೆರಳ ಸಂದು, ಕಂಕುಳು, ಬಾಲದ ಬುಡ, ಕೊರಳಪಟ್ಟಿಯ ಕೆಳಗೆ. ಮಕ್ಕಳ ಹಾಸಿಗೆಗೆ ಒಂದು ವಾರ ಶೇರುಗೆ ಪ್ರವೇಶವಿಲ್ಲ. ಫಿಟ್ಸ್ ಬಂದ ಇತಿಹಾಸವಿರುವ ನಾಯಿಗೆ ಈ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಕೊಡಬಾರದು. ಬೆನ್ನಿಗೆ ಬಿಡುವ ಹನಿ ಔಷಧ ಬಳಸುವುದಾದರೆ ಮೊದಲಿನ, ನಂತರದ ಎರಡು ದಿನ ಸ್ನಾನವೂ ಬೇಡ, ಸಮುದ್ರಕ್ಕೆ ಇಳಿಯುವುದೂ ಬೇಡ.

ಕಂಡ ಉಣುಗನ್ನು ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ, ಸೋಪಿನ ನೀರಿಗೆ ಹಾಕಿ. ಉಗುರಿನಲ್ಲಿ ಒತ್ತಿ ಚಟ್ಟೆನಿಸುವುದು ನಮ್ಮ ಹಳ್ಳಿಗಳಲ್ಲಿ ಹಿರಿಯರಿಗೊಂದು ಸಂಜೆಯ ಹವ್ಯಾಸ, ದಯವಿಟ್ಟು ಬಿಡಿಸಿ. ಅದರೊಳಗಿನದು ಕೈಯ ಗಾಯಕ್ಕೆ ತಾಗಬಾರದು. ಸೀಮೆಎಣ್ಣೆ, ಹೊಗೆಸೊಪ್ಪಿನ ನೀರು, ಬೀಡಿಯ ಕೆಂಡ ಯಾವುದೂ ಬೇಡ. ಆರೋಗ್ಯ ಇಲಾಖೆಯವರು ಕಾಡಿಗೆ ಹೋಗುವವರಿಗೆ ಉಣುಗು ಹತ್ತದಿರಲೆಂದು ಕೊಡುವ ಡೇಪಾ ಎಣ್ಣೆ ಮನುಷ್ಯರ ಕೈಕಾಲಿಗೆ, ನಾಯಿ ಮೈ ನೆಕ್ಕಿಕೊಳ್ಳುವ ಪ್ರಾಣಿ, ಅದಕ್ಕೆ ಹಚ್ಚಬೇಡಿ.

ಕೊಟ್ಟಿಗೆಯ ಮಾಡಿನಲ್ಲಿ ದನಗಳ ಉಣುಗಿಗೆಂದು ಇಟ್ಟ ಬಾಟಲಿ ಇರುತ್ತದೆ. 'ಒಂದು ಮುಚ್ಚಳ ಬಕೆಟ್ಟಿಗೆ ಹಾಕಿ ನಾಯಿಗೂ ಹೊಯ್ಯಿರಿ' ಎನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿದ್ದಾರೆ. ಅಳತೆ ತಪ್ಪಿ, ನೆಕ್ಕಿಕೊಂಡು, ನಡುಕ ಬಂದ ನಾಯಿಗಳನ್ನು ಬೇಸಿಗೆಯಲ್ಲಿ ನಾನು ನೋಡುತ್ತಲೇ ಇರುತ್ತೇನೆ. ಬೆಕ್ಕಿನ ವಿಷಯದಲ್ಲಿ ಇದು ಇನ್ನೂ ಗಂಭೀರ. ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ನಾಯಿಯ ಔಷಧ ಬೆಕ್ಕಿಗೆ ಮಾರಕ, ನಾಯಿಗೆ ಹಚ್ಚಿದ ಮೇಲೆ ಒಣಗುವವರೆಗೆ ಬೆಕ್ಕು ಅದರ ಮೈಗೆ ಒರಗಿ ಮಲಗುವುದೂ ಬೇಡ. ಚಿನ್ನಿ ಕಾರವಾರದಲ್ಲೇ ಇರಲಿ ಎಂದದ್ದಕ್ಕೆ ಇದೂ ಒಂದು ಕಾರಣ. ಬೆಕ್ಕಿಗೆ ಜನಕ್ಕಿಂತ ಜಾಗ ಮುಖ್ಯ. ಪಕ್ಕದ ಮನೆಯವರು ದಿನಕ್ಕೆರಡು ಸಲ ಬಂದು ಊಟ, ನೀರು, ಮರಳು ನೋಡಿಕೊಂಡರೆ ಒಂದು ವಾರ ಅದು ಆರಾಮ. ಒಂದು ದಿನ ಪೂರ್ತಿ ಊಟ ಬಿಟ್ಟರೆ ಮಾತ್ರ ವೈದ್ಯರಿಗೆ ತೋರಿಸಲು ಹೇಳಿ ಹೋಗಿ.

ಶೇರುನನ್ನೂ ಬಿಟ್ಟೇ ಹೋಗುವ ಪರಿಸ್ಥಿತಿ ಬಂದರೆ, ಅವನಿಗೆ ಗುರುತಿರುವ ಮನೆಯೇ ಮೊದಲ ಆಯ್ಕೆ. ನಾಯಿ ನೋಡಿಕೊಳ್ಳುವ ಕೇಂದ್ರಕ್ಕೆ ಬಿಡುವುದಾದರೆ ನೀವೇ ಹೋಗಿ ಮಧ್ಯಾಹ್ನದ ಹೊತ್ತು ನೋಡಿ, ಬೆಳಿಗ್ಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ತಗಡಿನ ಮಾಡು, ಫ್ಯಾನ್ ಇಲ್ಲ ಎಂದರೆ ಬೇಡ. ಲಸಿಕೆ ಚೀಟಿ ಕೇಳದೆ ಸೇರಿಸಿಕೊಳ್ಳುವ ಜಾಗವೂ ಬೇಡ.

ತವರಿನ ಬಗ್ಗೆ ಇನ್ನೆರಡು ಎಚ್ಚರಿಕೆ. ಒಂದು, ಮಾವಿನ ಗೊರಟು. ಅಂಕೋಲೆಯಿಂದ ನೀವು ಬುಟ್ಟಿ ಕರಿಈಶಾಡ ಮಾವು ಒಯ್ಯುತ್ತೀರಿ ಎಂದು ಊಹಿಸುತ್ತೇನೆ, ಒಯ್ಯದಿದ್ದರೆ ತವರಿನವರು ಒಳಗೆ ಬಿಟ್ಟುಕೊಳ್ಳಲಿಕ್ಕಿಲ್ಲ. 2023ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಹಣ್ಣು ಎಂಬ ಗೌರವ ಲ್ಯಾಬ್ರಡಾರಿಗೆ ಇಲ್ಲ, ಅದು ಗೊರಟು ಸಮೇತ ನುಂಗುತ್ತದೆ. ಗೊರಟು ಸಣ್ಣಕರುಳಿನಲ್ಲಿ ಸಿಕ್ಕಿಕೊಂಡರೆ ಹೊಟ್ಟೆ ಕೊಯ್ಯದೆ ದಾರಿಯಿಲ್ಲ, ಆ ಶಸ್ತ್ರಚಿಕಿತ್ಸೆಗೆ ಊರು ಬಿಟ್ಟು ಊರಿಗೆ ಹೋಗಬೇಕಾದೀತು. ತಿಂದ ಜಾಗದಲ್ಲೇ ಎಣಿಸಿ ಗೊಬ್ಬರದ ಗುಂಡಿಗೆ ಹಾಕಿ, ಮುಚ್ಚಿ. ಪದೇ ಪದೇ ವಾಂತಿ, ಊಟ ಬೇಡ, ಮಲ ಇಲ್ಲ ಎಂದಾದರೆ ಒಂದು ದಿನವೂ ಕಾಯಬೇಡಿ. ಹಲಸಿನ ತೊಳೆ ಒಂದೆರಡು ಕೊಡಬಹುದು, ಬೇಳೆ ತೆಗೆದು.

ಇನ್ನೊಂದು, ಹಾವು. ಮೊದಲ ಮಳೆಹನಿ ಬಿದ್ದ ಸಂಜೆಗಳಲ್ಲಿ ತೋಟದ ಕಾಲುವೆ ಬದಿಗೆ ಬಿಡಬೇಡಿ. ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಬೇರು ಅರೆಯುವುದು ಬೇಡ, ನಡೆಸದೆ ಎತ್ತಿಕೊಂಡು ಹೋಗಿ. ನಮ್ಮಲ್ಲಿ ಸಿಗುವ ವಿಷನಿರೋಧಕ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾತ್ರ ಕೆಲಸ ಮಾಡುತ್ತದೆ. ಮಲೆನಾಡಿನ ಗುಳಿಮಂಡಲಗಳಿಗೆ ಅದು ನಾಟುವುದಿಲ್ಲ. ಹಾಗಾಗಿ ದೂರ ನಿಂತು ಹಾವಿನ ಫೋಟೋ ಸಿಕ್ಕರೆ ವೈದ್ಯರಿಗೆ ಸಹಾಯ, ಅದನ್ನು ಹಿಡಿಯಲು ಹೋಗಬೇಡಿ.

ಚಿಕ್ಕ ಮಗಳ ಕೋಳಿಮರಿಗೆ ನನ್ನ ಉತ್ತರ, 'ಬೇಡ'. ಆ ಮರಿಗಳಿಗೆ ಮೊದಲ ವಾರ 32ರಿಂದ 35 ಡಿಗ್ರಿ ಕಾವು ಸತತ ಬೇಕು, ನಿಮ್ಮ ಕಾರಿನ ಎ.ಸಿ.ಯಲ್ಲಿ ಘಟ್ಟ ಹತ್ತುವುದರೊಳಗೆ ಮುದುಡಿಕೊಳ್ಳುತ್ತವೆ. ಕೈ ತೊಳೆಯದೆ ಮುದ್ದಿಸಿದ ಮಕ್ಕಳಿಗೆ ಸಾಲ್ಮೊನೆಲ್ಲಾ ಭೇದಿ ಬರುವುದೂ ಉಂಟು. ಕೋಳಿಯೇ ಬೇಕೆಂದರೆ ತವರಿನ ಸುತ್ತ ಯಾರ ಮನೆಯಲ್ಲಾದರೂ ಹೇಟೆಯ ಹಿಂದೆ ಓಡಾಡುವ ಮರಿ ಇರುತ್ತದೆ, ಅಲ್ಲಿ ನೋಡಲಿ. ಗಿಳಿ ಮಾರುವವರು ಕಂಡರೆ ಕೊಳ್ಳಬೇಡಿ, ಅದು ವನ್ಯಜೀವಿ ಕಾಯ್ದೆಯಡಿ ಅಪರಾಧ.

ತಿರುಗಿ ಬಂದ ಮೇಲೆ ಮೂರು ವಾರ ಶೇರುವಿನ ಮೇಲೆ ಕಣ್ಣಿರಲಿ. ಜ್ವರ, ಊಟ ಬಿಡುವುದು, ವಸಡು ಬಿಳಚಿಕೊಳ್ಳುವುದು, ಮೂಗಿನಲ್ಲಿ ರಕ್ತ, ಕಪ್ಪುಗಂದು ಮೂತ್ರ ಇವು ಉಣುಗಿನಿಂದ ನಾಯಿಗೆ ಬರುವ ಎರ್ಲಿಕಿಯಾ, ಬಬೇಸಿಯಾ ಜ್ವರಗಳ ಲಕ್ಷಣ. ರಕ್ತಪರೀಕ್ಷೆಯಲ್ಲಿ ಬೇಗ ಸಿಕ್ಕರೆ ಚಿಕಿತ್ಸೆಗೆ ಬಗ್ಗುತ್ತವೆ. ನಿಮಗೋ ಮಕ್ಕಳಿಗೋ ಊರಿನಿಂದ ಬಂದ ಎಂಟು ಹತ್ತು ದಿನದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಅಂಗಡಿಯ ನೋವಿನ ಮಾತ್ರೆ ನುಂಗಿ ಕೂರದೆ ಆಸ್ಪತ್ರೆಗೆ ಹೋಗಿ, 'ಸಿದ್ದಾಪುರದ ಕಡೆ ಬೆಟ್ಟದ ಮನೆಯಲ್ಲಿದ್ದೆವು' ಎಂದು ನೀವಾಗಿಯೇ ಹೇಳಿ. ಕಾರವಾರದಲ್ಲಿ ಕೂತ ವೈದ್ಯರಿಗೆ ಅದು ತಾನಾಗಿ ಹೊಳೆಯಲಿಕ್ಕಿಲ್ಲ.

ಹೊರಡುವ ಮುಂಚೆ ನಿಮ್ಮ ವೈದ್ಯರ ಬಳಿ ಹೋಗುತ್ತೀರಲ್ಲ, ಆಗ ಇಲಿಜ್ವರದ ಲಸಿಕೆಯನ್ನೂ ಕೇಳಿ. ಮಳೆ ಶುರುವಾದರೆ ಕೋಡಿಬಾಗದ ಗಟಾರಕ್ಕೂ ತವರಿನ ತೋಟದ ಕಾಲುವೆಗೂ ವ್ಯತ್ಯಾಸವಿಲ್ಲ, ಎರಡರಲ್ಲೂ ಇಲಿಯ ಮೂತ್ರ ಹರಿಯುತ್ತದೆ. ಮೊದಲ ಸಲವಾದರೆ ಎರಡು ಡೋಸು, ನಡುವೆ ಎರಡರಿಂದ ನಾಲ್ಕು ವಾರ ಬೇಕು. ಮೊದಲನೆಯದು ಈಗ ಹಾಕಿಸಿದರೆ ಎರಡನೆಯದು ಜೂನಿನ ಮಳೆ ಜೋರಾಗುವ ಹೊತ್ತಿಗೆ ಮುಗಿಯುತ್ತದೆ.